ಗೇಟಿನ ನೆರಳಿನಿಂದ ಒಂದು ಕೌದಿ

ಕೌದಿ, ಅಂದರೆ ಹಳೆ ಬಟ್ಟೆಯ ತುಂಡು, ಪದರ ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆ, ಮುಗಿದಿದೆ. ಅಗಲ 40 ಇಂಚು, ಎತ್ತರ 50 ಇಂಚು. ತೂಕ ಒಂದು ಕಿಲೋಗೂ ಕಡಿಮೆ. ಇದು ಹೊದ್ದುಕೊಳ್ಳುವ ಕೌದಿ ಅಲ್ಲ, ಗೋಡೆಗೆ ಹಾಕುವುದು. ಬಾಗಲಕೋಟೆ ನವನಗರದ ನಮ್ಮ ಮನೆಯ ಗೇಟಿನ ನೆರಳು ಇದರ ಮೂಲ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇಟ್ಟುಕೊಂಡು, ಹಳೆ ಸೀರೆ, ಧೋತರ, ಗುಳೇದಗುಡ್ಡ ಖಣದ (ಕುಪ್ಪಸಕ್ಕೆ ನೇಯುವ ಬಟ್ಟೆ) ತುಂಡು ಸೇರಿಸಿ ಹೊಲಿದೆ. ಹೇಗೆ ಮಾಡಿದೆ, ಎಲ್ಲಿ ಬಿಚ್ಚಬೇಕಾಯಿತು, ಎಷ್ಟು ಖರ್ಚಾಯಿತು ಅನ್ನುವುದನ್ನೆಲ್ಲ ಬರೆದಿಡುತ್ತಿದ್ದೇನೆ. ಮನೆಯ ಯಾವುದೋ ಕಿಟಕಿ, ಜಾಳಿಗೆ, ನೆಲದ ಹಾಸು ನೋಡಿ ಹೀಗೇ ಏನಾದರೂ ಹೊಲಿಯಬೇಕು ಅಂತ ಮನಸ್ಸಿರುವವರಿಗೆ ಅಳತೆಗಳು ಉಪಯೋಗಕ್ಕೆ ಬರುತ್ತವೆ.

1. ಗೇಟು, ಫೋಟೋ

ಗೇಟಿನ ವಿನ್ಯಾಸ ನಿಮಗೆಲ್ಲ ಗೊತ್ತಿರುವುದೇ. ಕೆಳಗೆ ತಗಡಿನ ಅರ್ಧ ಸೂರ್ಯ, ಅದರಿಂದ ಮೇಲಕ್ಕೆ ಚಾಚಿದ ಕಬ್ಬಿಣದ ಕಿರಣಗಳು. ಎರಡು ಬಾಗಿಲು ಮುಚ್ಚಿದಾಗ ಸೂರ್ಯ ಕೂಡಿಕೊಳ್ಳುತ್ತಾನೆ. ಸೂರ್ಯನ ಕೆಳಗೆ ಅಂಕುಡೊಂಕಾಗಿ ಬಗ್ಗಿಸಿದ ಸರಳಿನ ಒಂದು ಪಟ್ಟಿ. ನಮ್ಮ ಕಡೆ ಯಾವ ಓಣಿಗೆ ಹೋದರೂ ಇಂಥದ್ದು ಒಂದಾದರೂ ಸಿಗುತ್ತದೆ. ಯಾವ ವೆಲ್ಡಿಂಗ್ ಅಂಗಡಿಯವರು ಮೊದಲು ಮಾಡಿದರೋ, ಊರೂರಿಗೆ ಹರಡಿದೆ.

ನಮ್ಮ ಗೇಟು ಹಳೆ ಬಾಗಲಕೋಟೆಯ ಮನೆಯದು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರಿನ ಒಂದು ಭಾಗ ಹೋದಾಗ ಜನ ನವನಗರಕ್ಕೆ ಬಂದರು. ಬರುವಾಗ ಬಾಗಿಲು, ಕಿಟಕಿ, ತೊಲೆ, ಕಂಬ ಕಿತ್ತುಕೊಂಡು ಬಂದವರು ಬಹಳ. ನಮ್ಮ ಮಾವನವರು ಗೇಟನ್ನೂ ತಂದರು. ಹೊಸ ಕಾಂಪೌಂಡಿನ ಸಂದಿಗೆ ಅದು ಸಾಲಲಿಲ್ಲ. ಬಲಗಡೆ ಬಾಗಿಲಿಗೆ ಎರಡು ಇಂಚಿನ ಒಂದು ಪಟ್ಟಿ ಬೆಸೆದು ಕೂಡಿಸಿದ್ದಾರೆ. ಗೇಟು ನೋಡಿದರೆ ಆ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ, ಬಣ್ಣ ಒಂದೇ. ನೆರಳಿನಲ್ಲಿ ಮಾತ್ರ ಎದ್ದು ಕಾಣುತ್ತದೆ. ಒಂದು ಕಡೆ ಕಪ್ಪು ಗೆರೆ ದಪ್ಪ.

ಗೇಟು ಪಡುವಣಕ್ಕೆ ಮುಖ ಮಾಡಿದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ನೆರಳು ಅಂಗಳಕ್ಕೆ ಹಾಸಿದ ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ಬೀಳುತ್ತದೆ. ಗೇಟಿನ ಎತ್ತರ 4 ಅಡಿ, ನೆರಳಿನ ಉದ್ದ ಸುಮಾರು 8 ಅಡಿ. ನೆಲದಲ್ಲಿ ನಿಂತು ತೆಗೆದ ಫೋಟೋಗಳು ಕೆಲಸಕ್ಕೆ ಬರಲಿಲ್ಲ. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು ಆಗಿ ಅಳತೆಯೇ ಹಿಡಿಯಲಾಗುವುದಿಲ್ಲ. ಮಾಳಿಗೆ ಹತ್ತಿ, ಕೈ ಚಾಚಿ, ಮೊಬೈಲನ್ನು ನೇರ ಕೆಳಕ್ಕೆ ಹಿಡಿದು ತೆಗೆದದ್ದು ಸರಿಯಾಯಿತು. ನೆರಳಿನ ಫೋಟೋ ತೆಗೆಯುವವರು ಇದೊಂದು ನೆನಪಿಡಿ. ಮೇಲಿಂದ ತೆಗೆಯಿರಿ. ಬೇಗ ತೆಗೆಯಿರಿ. ಕಾಲು ತಾಸಿನಲ್ಲಿ ನೆರಳು ಎಷ್ಟು ಜರುಗಿರುತ್ತದೆ ಅಂದರೆ ಮತ್ತೆ ಅದೇ ಚಿತ್ರ ಸಿಗುವುದಿಲ್ಲ.

2. ನಕ್ಷೆ

ಫೋಟೋವನ್ನು ಕಪ್ಪು-ಬಿಳುಪು ಮಾಡಿ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿದೆ. 8 ಇಂಚು ಅಗಲ, 10 ಇಂಚು ಎತ್ತರದ ಭಾಗ ಗುರುತು ಮಾಡಿ, ಅದರ ಮೇಲೆ ಒಂದೊಂದು ಇಂಚಿನ ಚೌಕ ಎಳೆದೆ. ಒಟ್ಟು 80 ಚೌಕ. ಖಾಕಿ ಕಾಗದಗಳನ್ನು ಅಂಟಿಸಿ 40 × 50 ಇಂಚಿನ ದೊಡ್ಡ ಹಾಳೆ ಮಾಡಿ, ಅದರ ಮೇಲೆ 5 ಇಂಚಿನ 80 ಚೌಕ ಎಳೆದೆ. ಸಣ್ಣ ಚೌಕದಲ್ಲಿ ಗೆರೆ ಎಲ್ಲಿ ಹಾಯುತ್ತದೋ ದೊಡ್ಡ ಚೌಕದಲ್ಲಿ ಅಲ್ಲೇ ಎಳೆಯುವುದು. ಹಬ್ಬಕ್ಕೆ ದೊಡ್ಡ ಚಿತ್ರ ಬರೆಯುವವರು ಮಾಡುವ ಲೆಕ್ಕವೇ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗೇಟಿನಲ್ಲಿ ಕಿರಣಗಳ ನಡುವೆ 12 ಸಂದುಗಳಿವೆ. 180 ಡಿಗ್ರಿಯಲ್ಲಿ 12 ಅಂದರೆ ಒಂದೊಂದಕ್ಕೆ 15 ಡಿಗ್ರಿ. ಹಾಗಾಗಿ ಮೊದಲ ನಕ್ಷೆಯನ್ನು ಕೈವಾರ, ಕೋನಮಾಪಕ ಹಿಡಿದು ಎಳೆದಿದ್ದೆ. ಎಲ್ಲ ಸಮ, ಎಲ್ಲ ನೇರ. ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಯಾವುದೋ ಸಂಘದ ಬೋರ್ಡಿನ ಮೇಲಿನ ಗುರುತು. ನಮ್ಮ ಅಂಗಳ ಅದರಲ್ಲಿ ಇರಲಿಲ್ಲ.

ಫೋಟೋದ ಮೇಲೆ ಅಳೆದು ನೋಡಿದೆ. ನೆರಳು ಉದ್ದಕ್ಕೆ ಎರಡು ಪಟ್ಟು ಜಗ್ಗಿದೆ, ಅಗಲ ಅಷ್ಟೇ ಇದೆ. ಆದ್ದರಿಂದ ನೆಲಕ್ಕೆ ಹತ್ತಿರದ ಸಂದು 28 ಡಿಗ್ರಿಯಷ್ಟು ಅಗಲ. ನಡುವಿನ ಸಂದುಗಳು 8 ಡಿಗ್ರಿ ಮಾತ್ರ. ಸೂರ್ಯ ಅರ್ಧ ವೃತ್ತವಾಗಿ ಉಳಿದಿಲ್ಲ, ಅರ್ಧ ಮೊಟ್ಟೆಯ ಹಾಗೆ ಉದ್ದವಾಗಿದ್ದಾನೆ. ಜೊತೆಗೆ ಇಡೀ ನೆರಳು ಸ್ವಲ್ಪ ಎಡಕ್ಕೆ ವಾಲಿದೆ. ಈ ಸೊಟ್ಟತನವೇ ಚಿತ್ರದ ಜೀವ. ಇದನ್ನು ತಿದ್ದಬಾರದು. ಎರಡನೆಯ ನಕ್ಷೆಯಲ್ಲಿ ಕೈವಾರ ಮುಟ್ಟಲಿಲ್ಲ. ಚೌಕ ನೋಡಿ, ಚುಕ್ಕೆ ಇಟ್ಟು, ಉದ್ದನೆಯ ಕಟ್ಟಿಗೆ ಪಟ್ಟಿ ಹಿಡಿದು ಗೆರೆ ಎಳೆದೆ.

ಕೊನೆಯ ಅಳತೆಗಳು ಹೀಗಿವೆ. ಸೂರ್ಯನ ಅಗಲ 12 ಇಂಚು, ಎತ್ತರವೂ 12 ಇಂಚು. ಕಿರಣದ ನೆರಳು ಬುಡದಲ್ಲಿ ಅರ್ಧ ಇಂಚು, ತುದಿಯಲ್ಲಿ ಒಂದು ಇಂಚು. ಗೇಟಿನ ಸರಳು ತುದಿಯಲ್ಲಿ ದಪ್ಪ ಇಲ್ಲ, ಆದರೆ ದೂರ ಬಿದ್ದಷ್ಟೂ ನೆರಳಿನ ಅಂಚು ಮಸುಕಾಗಿ ಹರಡುತ್ತದೆ. ಅದಕ್ಕೆ ತುದಿ ಅಗಲ ಇಟ್ಟೆ. ಬಲಗಡೆ ಬೆಸೆದ ಪಟ್ಟಿಗೆ ಒಂದೂವರೆ ಇಂಚು.

3. ಬಟ್ಟೆ

ತಳಕ್ಕೆ ನಮ್ಮ ಅತ್ತೆಯವರ ಹಳೆಯ ಚಂದ್ರಕಾಳಿ ಸೀರೆ. ಕಪ್ಪು, ಪೂರ್ತಿ ಹತ್ತಿ, ತೊಳೆದು ತೊಳೆದು ಮೆತ್ತಗಾದದ್ದು. ಸಂಕ್ರಾಂತಿಗೆ ಉಡುತ್ತಿದ್ದರು. ನೆರಿಗೆ ಬರುವ ಕಡೆ ಹರಿದಿತ್ತು, ಸೆರಗಿನ ಕಡೆ ಗಟ್ಟಿ ಇತ್ತು. ಹೊಸ ಕಪ್ಪು ಬಟ್ಟೆ ಯಾಕೆ ತರಲಿಲ್ಲ ಅಂದರೆ, ಅದರ ಕಪ್ಪು ಒಂದೇ ಸಮ ಇರುತ್ತದೆ. ಹಳೆಯದರಲ್ಲಿ ಅಲ್ಲಲ್ಲಿ ಬೂದಿ ಬಣ್ಣ ಹಾಯ್ದಿರುತ್ತದೆ. ನೆರಳು ಇರುವುದೂ ಹಾಗೇ.

ಬೆಳಕಿಗೆ ಖಣ. ಗುಳೇದಗುಡ್ಡದ ಖಣದ ಕಟ್ ಪೀಸ್ 5 ತಂದೆ, ಒಂದಕ್ಕೆ 120 ರೂಪಾಯಿ. ಹಳದಿ, ಗಿಳಿ ಹಸಿರು, ಈರುಳ್ಳಿ ಬಣ್ಣ, ತಿಳಿ ನೀಲಿ, ರಾಣಿ ಬಣ್ಣ. ಒಂದರಲ್ಲಿ ತೇರಿನ ಬುಟ್ಟಾ, ಇನ್ನೊಂದರಲ್ಲಿ ಆನೆ ಹೆಜ್ಜೆ. ಖಣದ ಬುಟ್ಟಾ ಸಣ್ಣದು, ಒತ್ತೊತ್ತಾಗಿರುತ್ತದೆ. ಎಷ್ಟು ಸಣ್ಣ ತುಂಡು ಕತ್ತರಿಸಿದರೂ ವಿನ್ಯಾಸ ಉಳಿಯುತ್ತದೆ. ತುಂಡು ಕೆಲಸಕ್ಕೆ ಇದಕ್ಕಿಂತ ಒಳ್ಳೆ ಬಟ್ಟೆ ನನಗೆ ಗೊತ್ತಿಲ್ಲ.

ಕತ್ತರಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಎರಡೂ ಬಿಟ್ಟಿ.

ಮೊದಲನೆಯದು ಬಣ್ಣ ಬಿಡುವ ಪರೀಕ್ಷೆ. ಪ್ರತಿ ಖಣದ ಮೂಲೆಯಿಂದ ಎರಡು ಇಂಚು ಕತ್ತರಿಸಿ, ಬಿಳಿ ಧೋತರದ ಚೂರಿನ ಜೊತೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ತಾಸು ಇಟ್ಟೆ. ರಾಣಿ ಬಣ್ಣ ಬಿಳಿ ಚೂರನ್ನು ಗುಲಾಬಿ ಮಾಡಿತು. ಮತ್ತೆ ತೊಳೆದರೂ ಬಿಡುತ್ತಲೇ ಇತ್ತು. ಅದನ್ನು ಕೈಬಿಟ್ಟೆ.

ಎರಡನೆಯದು ಮೊಬೈಲಿನ ಪರೀಕ್ಷೆ. ಎಲ್ಲ ತುಂಡನ್ನು ಕಪ್ಪು ಸೀರೆಯ ಮೇಲೆ ಹಾಸಿ ಕಪ್ಪು-ಬಿಳುಪು ಫೋಟೋ ತೆಗೆದು ನೋಡುವುದು. ಮನೆಯಲ್ಲಿದ್ದ ಕಡು ಹಸಿರು, ಕುಂಕುಮ ಬಣ್ಣದ ಖಣಗಳನ್ನೂ ಸೇರಿಸಬೇಕು ಅಂದುಕೊಂಡಿದ್ದೆ. ಕಣ್ಣಿಗೆ ಬಹಳ ಚೆಂದ. ಫೋಟೋದಲ್ಲಿ ಕಪ್ಪಿನೊಳಗೆ ಕಪ್ಪಾಗಿ ಮುಳುಗಿಬಿಟ್ಟವು. ಬಣ್ಣ ಯಾವುದು ಅನ್ನುವುದಕ್ಕಿಂತ ಎಷ್ಟು ತಿಳಿ, ಎಷ್ಟು ಕಡು ಅನ್ನುವುದು ಇಲ್ಲಿ ಮುಖ್ಯ. ಅವೆರಡನ್ನೂ ತೆಗೆದಿಟ್ಟೆ. ಆ ಜಾಗಕ್ಕೆ ಹಳೆಯ ಇಳಕಲ್ ಸೀರೆಯ ಒಡಲಿನ ಮಾಸಿದ ಹಳದಿ ತುಂಡು ಬಂತು.

4. ಸರಳನ್ನು ಹೊಲಿಯಲು ಹೋದದ್ದು

ಶುರುವಿನಲ್ಲಿ ಇದ್ದ ಯೋಚನೆ ಬೇರೆ. ಕೆಳಗೆ ಖಣದ ತುಂಡುಗಳನ್ನು ಕೌದಿಯ ಹಾಗೆ ಜೋಡಿಸುವುದು, ಅದರ ಮೇಲೆ ಕಪ್ಪು ಪಟ್ಟಿಗಳನ್ನು ಕಿರಣದ ಹಾಗೆ ಇಟ್ಟು ಹೊಲಿಯುವುದು. ಗೇಟನ್ನು ಮಾಡುವುದೂ ಹಾಗೇ ಅಲ್ವಾ, ಸರಳಿನ ಮೇಲೆ ಸರಳು.

ಕಪ್ಪು ಸೀರೆಯಿಂದ ಓರೆಯಾಗಿ, ಅಂದರೆ 45 ಡಿಗ್ರಿಯಲ್ಲಿ, ಒಂದು ಇಂಚಿನ ಪಟ್ಟಿಗಳನ್ನು ಕತ್ತರಿಸಿದೆ. ಎರಡೂ ಅಂಚು ಮಡಚಿ ಇಸ್ತ್ರಿ ಹಾಕಿ ಅರ್ಧ ಇಂಚಿನ ಪಟ್ಟಿ ಮಾಡಿದೆ. ಓರೆ ಪಟ್ಟಿ ಬಾಗುವುದಕ್ಕೆ ಒಳ್ಳೆಯದು. ಕುತ್ತಿಗೆಗೆ, ತೋಳಿಗೆ ಅದೇ ಬೇಕು. ಇಲ್ಲಿ ಬೇಕಾದದ್ದು 40 ಇಂಚಿನ ನೇರ ಗೆರೆ. ಓರೆ ಪಟ್ಟಿ ಜಗ್ಗಿ ಹಾವಿನ ಹಾಗೆ ಹೊರಳಿತು. ಎಳೆಯ ನೇರಕ್ಕೆ ಕತ್ತರಿಸಿ ನೋಡಿದೆ. ಗೆರೆ ನೇರ ಬಂತು. ಆದರೆ ಬುಡದಲ್ಲಿ ಎಲ್ಲ ಪಟ್ಟಿಗಳು ಸೂರ್ಯನ ಹತ್ತಿರ ಕೂಡುವ ಕಡೆ ಬಟ್ಟೆಯ ಮೇಲೆ ಬಟ್ಟೆ ಬಂದು ಗಂಟಾಯಿತು. ಅದನ್ನು ಓಣಿಯ ಟೇಲರ್ ಕಾಕಾಗೆ ತೋರಿಸಿದೆ. ಬೆರಳಲ್ಲಿ ಒತ್ತಿ ನೋಡಿ, “ಇದನ್ನ ಮಶಿನ್‌ದಾಗ ಹಾಕಬ್ಯಾಡ್ರಿ ಅಕ್ಕಾರ, ಸೂಜಿ ಮುರೀತದ” ಅಂದರು.

ಸೂಜಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪಟ್ಟಿ ಮೇಲೆ ಕೂತರೆ ಅದು ಕಬ್ಬಿಣ ಆಗುತ್ತದೆ, ನೆರಳು ಆಗುವುದಿಲ್ಲ. ನೆರಳು ಯಾವತ್ತೂ ನೆಲದ ಮೇಲೆ ಉಬ್ಬಿ ನಿಲ್ಲುವುದಿಲ್ಲ. ಅದು ಕೆಳಗಿರಬೇಕು, ಬೆಳಕು ಮೇಲಿರಬೇಕು. ಇಡೀ ಕೆಲಸದ ತಿರುವು ಇದೇ. ಹಾಕಿದ್ದನ್ನೆಲ್ಲ ಬಿಚ್ಚಿದೆ.

5. ಸಂದನ್ನು ಹೊಲಿದದ್ದು

ಈಗ ಕಪ್ಪು ಸೀರೆ ಕೆಳಗೆ, ಒಂದೇ ಅಖಂಡ ತುಂಡು. ಅದರ ಮೇಲೆ ಕಿರಣಗಳ ನಡುವಿನ 12 ಸಂದುಗಳನ್ನು ಖಣದಲ್ಲಿ ಕತ್ತರಿಸಿ ಹೊಲಿಯುವುದು. ಹೊಲಿಯದೆ ಬಿಟ್ಟ ಜಾಗವೇ ಸರಳು. ಬುಡದಲ್ಲಿ ಗಂಟಿಲ್ಲ, ಪಟ್ಟಿ ಜಗ್ಗುವ ಕಾಟ ಇಲ್ಲ.

ಖಾಕಿ ನಕ್ಷೆಯಿಂದ 12 ಸಂದನ್ನೂ ಕತ್ತರಿಸಿ, ಎಡದಿಂದ ನಂಬರ್ ಬರೆದುಕೊಂಡೆ. ನಂಬರ್ ಬರೆಯದೆ ಕತ್ತರಿಸಬೇಡಿ. 5, 6, 7, 8 ನೋಡಲು ಒಂದೇ ಥರ ಇರುತ್ತವೆ, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂಡುವುದಿಲ್ಲ.

ಫೋಟೋದಲ್ಲಿ ಫರ್ಸಿ ಕಲ್ಲಿನ ಸಂದುಗಳೂ ಕಾಣುತ್ತವೆ. ಎರಡು ಅಡಿಗೊಂದು ಗೆರೆ, ಅಡ್ಡ ಮತ್ತು ಉದ್ದ. ಆ ಗೆರೆ ಎಲ್ಲೆಲ್ಲಿ ಬೆಳಕಿನ ಮೇಲೆ ಹಾಯುತ್ತದೋ ಅಲ್ಲಿ ಖಣದ ಬಣ್ಣ ಬದಲಿಸಿದೆ. ಆದ್ದರಿಂದ ಒಂದೊಂದು ಸಂದಿನಲ್ಲಿ ಎರಡು ಅಥವಾ ಮೂರು ಬಣ್ಣ. ಬಣ್ಣ ಎಲ್ಲಿ ಬದಲಾಗಬೇಕು ಅನ್ನುವುದನ್ನು ನಾನು ಊಹಿಸಬೇಕಾಗಲಿಲ್ಲ, ನೆಲವೇ ಹೇಳಿತು. ಚೆಂದಕ್ಕೆ ಅಂತ ಸುಮ್ನೆ ಬಣ್ಣ ಹಂಚಿದ್ದರೆ ಈ ಹಿಡಿತ ಬರುತ್ತಿರಲಿಲ್ಲ.

ಖಣ ಹೊಲಿಯುವವರಿಗೆ ಒಂದು ಮಾತು. ಖಣದ ಬುಟ್ಟಾ ಹೆಚ್ಚುವರಿ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ, ಎಳೆಯಿಂದ ಮೂಡುತ್ತದೆ. ಮೇಲೆ ಬುಟ್ಟಾ ಇಲ್ಲದ ಕಡೆ ಆ ಎಳೆಗಳು ಹಿಂದೆ ಸಡಿಲವಾಗಿ ಹಾಯ್ದಿರುತ್ತವೆ. ಕತ್ತರಿ ಹಾಕಿದ ತಕ್ಷಣ ಅಂಚಿನಿಂದ ಬಿಚ್ಚಿಕೊಳ್ಳಲು ಶುರು. ಮಾಮೂಲಿ ಕಾಲು ಇಂಚು ಬಿಟ್ಟು ಕತ್ತರಿಸಿದ ಮೊದಲ ತುಂಡು ಮಡಚುವಷ್ಟರಲ್ಲಿ ಅರ್ಧ ಉದುರಿತ್ತು. ಆಮೇಲೆ ಮುಕ್ಕಾಲು ಇಂಚಿನ ಅರ್ಧ, ಅಂದರೆ ಮೂರು ಎಂಟಾಂಶ ಇಂಚು ಬಿಟ್ಟೆ. ಅದು ಸರಿಹೋಯಿತು.

ಜೊತೆಗೆ ಇಸ್ತ್ರಿ ಹಾಕಿದರೆ ಅಂಟುವ ತೆಳು ಪೇಸ್ಟಿಂಗ್ ಬಟ್ಟೆ ಹಿಂದೆ ಅಂಟಿಸಿದೆ. ಇದರಲ್ಲೂ ಎರಡು ಪಾಠ. ಪೂರ್ತಿ ತುಂಡಿಗೆ ಪೇಸ್ಟಿಂಗ್ ಹಾಕಿದರೆ ಅಂಚು ಮಡಚಿದಾಗ ರಟ್ಟಿನ ಥರ ಬಿರುಸಾಗುತ್ತದೆ, ಕೈಸೂಜಿ ಇಳಿಯುವುದಿಲ್ಲ. ಪೇಸ್ಟಿಂಗನ್ನು ಮುಗಿದ ಅಳತೆಗೆ ಮಾತ್ರ ಕತ್ತರಿಸಬೇಕು. ಮಡಚುವ ಅಂಚು ಬರೀ ಖಣವಾಗಿಯೇ ಇರಲಿ. ಹಾಗೆ ಮಾಡಿದರೆ ಪೇಸ್ಟಿಂಗಿನ ಅಂಚೇ ಮಡಿಕೆಗೆ ಗೆರೆಯಾಗುತ್ತದೆ, ಚಾಕಿನಿಂದ ಗುರುತು ಮಾಡುವ ಕೆಲಸವೂ ಉಳಿಯುತ್ತದೆ. ಇಸ್ತ್ರಿಯ ಬಿಸಿ ಎರಡನೆಯ ಪಾಠ. ಈಗಿನ ಖಣಗಳಲ್ಲಿ ಬಹಳಷ್ಟು ಆರ್ಟ್ ಸಿಲ್ಕಿನವು, ಅಂದರೆ ಕೃತಕ ರೇಷ್ಮೆಯವು. ಹತ್ತಿ ಬಟ್ಟೆಗೆ ಇಡುವ ಬಿಸಿಯಲ್ಲಿ ತಿಳಿ ನೀಲಿ ತುಂಡು ಮುದುಡಿಕೊಂಡಿತು. ಮತ್ತೆ ನೆಟ್ಟಗಾಗಲಿಲ್ಲ. ನಡುವಿನ ಬಿಸಿ ಇಟ್ಟು, ಮೇಲೆ ತೆಳು ಧೋತರ ಹಾಸಿ, ಉಜ್ಜದೆ ಒತ್ತಿ ಒತ್ತಿ ಎತ್ತಬೇಕು.

ಅತಿ ಕಿರಿದಾದ ಸಂದು ಸೂರ್ಯನ ನೆತ್ತಿಯ ಹತ್ತಿರದ್ದು. ಅಲ್ಲಿ ಮುಗಿದ ಅಗಲ 1.2 ಇಂಚಿಗೂ ಸ್ವಲ್ಪ ಕಡಿಮೆ. ಎರಡೂ ಕಡೆ ಮಡಿಕೆ ಒಳಗೆ ಹೋದರೆ ಹಿಂದೆ ಮಡಿಕೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ. ಇನ್ನೂ ಸಣ್ಣ ಅಳತೆಯ ಕೌದಿ ಮಾಡುವವರು ಇದನ್ನು ನೋಡಿಕೊಳ್ಳಿ. ಒಂದು ಇಂಚಿಗಿಂತ ಕಿರಿದು ಬಂದರೆ ಖಣ ಬೇಡ, ತೆಳು ಹತ್ತಿ ಬಟ್ಟೆ ಹಾಕಿ.

ತುಂಡುಗಳನ್ನು ಟಾಚಣಿ ಚುಚ್ಚಿ ಕೂಡಿಸಿ, ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಸೀರೆಗೆ ಫಾಲ್ ಹಚ್ಚುವ ಹಾಗೆ ಸಣ್ಣ ಹೆಮ್ಮಿಂಗ್ ಹಾಕಿದೆ. ಅಂಚಿನ ತುಂಡುಗಳಿಂದ ಶುರು ಮಾಡಿ ನಡುವಿಗೆ ಬಂದೆ. ನಡುವಿನವು ಕಿರಿದು, ಅಳತೆಯಲ್ಲಿ ಒಂದು ದಾರದಷ್ಟು ಹೆಚ್ಚುಕಮ್ಮಿ ಆದರೂ ಅಲ್ಲಿ ಹೊಂದಿಸಿಕೊಳ್ಳಬಹುದು ಅಂತ.

6. ಸೂರ್ಯನ ಬಣ್ಣ

ಸೂರ್ಯನಿಗೆ ಅಂತ ಇಳಕಲ್ ಸೀರೆಯ ಹಳೆಯ ಸೆರಗು ಎತ್ತಿಟ್ಟಿದ್ದೆ. ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೋಪು ತೆನೆ, ಅಂದರೆ ಇಳಕಲ್ ಸೆರಗಿನ ನೇಯ್ಗೆಯ ವಿನ್ಯಾಸ. ನಮ್ಮ ಜಿಲ್ಲೆಯ ಕೆಂಪು ಅಂದರೆ ಅದೇ. ಕತ್ತರಿಸಿ ಸೂರ್ಯನ ಜಾಗಕ್ಕೆ ಇಟ್ಟೆ. ಕಪ್ಪಿನ ಮೇಲೆ ಉರಿಯುವ ಹಾಗೆ ಕಂಡಿತು. ಬಂದವರೆಲ್ಲ ಹೊಗಳಿದರು.

ಆದರೆ ಫೋಟೋ ಮತ್ತೆ ಮತ್ತೆ ನೋಡಿದೆ. ಗೇಟಿನ ಸೂರ್ಯ ತಗಡಿನವನು. ಅವನ ಮೂಲಕ ಬೆಳಕು ಹಾಯುವುದಿಲ್ಲ. ಅಂಗಳದಲ್ಲಿ ಬಿದ್ದಾಗ ಅಷ್ಟೂ ಚಿತ್ರದಲ್ಲಿ ಅತಿ ಕಪ್ಪು ಜಾಗ ಸೂರ್ಯನದ್ದೇ. ಬೆಳಕೆಲ್ಲ ಅವನ ಸುತ್ತ. ನನಗೆ ಫೋಟೋ ತೆಗೆಯಬೇಕು ಅನ್ನಿಸಿದ್ದೇ ಇದಕ್ಕೆ. ಕೆಂಪು ಹಾಕಿದರೆ ಕೌದಿ ಚೆಂದ ಕಾಣುತ್ತಿತ್ತು, ನೆರಳು ಸುಳ್ಳಾಗುತ್ತಿತ್ತು. ಕೆಂಪು ತೆಗೆದೆ. ಸೂರ್ಯ ಕಪ್ಪಾಗಿಯೇ ಉಳಿದ.

ತೋಪು ತೆನೆಯ ತುಂಡು ವ್ಯರ್ಥ ಆಗಲಿಲ್ಲ. ಕೌದಿಯ ತಳದ ಅಂಚಿಗೆ ಎರಡು ಇಂಚಿನ ಪಟ್ಟಿಯಾಗಿ ಹೋಗಿದೆ, ನಮ್ಮ ಹೊಸ್ತಿಲಿಗೆ ಬಳಿದ ಕೆಂಪಿನ ಜಾಗದಲ್ಲಿ. ಅದರ ಮೇಲೆ, ಸೂರ್ಯನ ಕೆಳಗೆ, ಅಂಕುಡೊಂಕು ಸರಳಿನ ಪಟ್ಟಿಗೆ ಕಸೂತಿಯ ಮುರ್ಗಿ ಹೊಲಿಗೆ ಹಾಕಿದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಹೊಲಿಗೆ ಅದು. ಎಳೆ ಎಣಿಸಿ ಹಾಕಬೇಕು. ಕಪ್ಪು ಸೀರೆಯ ಮೇಲೆ ರಾತ್ರಿ ದೀಪದಲ್ಲಿ ಎಳೆ ಕಾಣುವುದಿಲ್ಲ. ಹಗಲಿನಲ್ಲೇ, ಬಾಗಿಲ ಬೆಳಕಿಗೆ ಕೂತು ಮಾಡಿದೆ.

7. ಪದರ ಮತ್ತು ಹೊಲಿಗೆ

ಒಟ್ಟು ನಾಲ್ಕು ಪದರ. ಮೇಲೆ ಖಣ ಹೊಲಿದ ಕಪ್ಪು ಸೀರೆ. ನಡುವೆ ಹಳೆ ಧೋತರ ಎರಡು ಮಡಿಕೆ. ಹಿಂದೆ ಬೂದು ಬಣ್ಣದ ಹತ್ತಿ ಸೀರೆ. ಹೊದೆಯುವ ಕೌದಿಗೆ ಇದಕ್ಕಿಂತ ಜಾಸ್ತಿ ಪದರ ಹಾಕುತ್ತಾರೆ. ಗೋಡೆಗೆ ಹಾಕುವುದಕ್ಕೆ ಭಾರ ಬೇಡ. ಭಾರವಾದರೆ ತನ್ನ ತೂಕಕ್ಕೆ ತಾನೇ ಜಗ್ಗಿ ಕೆಳಗೆ ಜೋಲು ಬೀಳುತ್ತದೆ. ಧೋತರ ಮತ್ತು ಹಿಂದಿನ ಸೀರೆಯನ್ನು ಎಲ್ಲ ಕಡೆ ಎರಡು ಇಂಚು ದೊಡ್ಡದಾಗಿ ಕತ್ತರಿಸಿದೆ.

ಪಡಸಾಲೆಯ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಒಳಕಲ್ಲಿನ ಗುಂಡು, ಡಬ್ಬಿ ಹೇರಿ, ಅಂಗೈ ಅಗಲಕ್ಕೊಂದು ಕಚ್ಚಾ ಹೊಲಿಗೆ ಹಾಕಿದೆ.

ಹೊಲಿಗೆಗೆ 8ನೇ ನಂಬರಿನ ಕಸೂತಿ ದಾರದ ಉಂಡೆ. ಒಂದು ಉಂಡೆಯಲ್ಲಿ 85 ಮೀಟರ್. ಕಪ್ಪು ಎರಡು, ಬೂದು ಒಂದು, ಹಳದಿ ಒಂದು. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ.

ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ ಒಳಗೆ ಬರುತ್ತ, ನಡುವಿಗೆ ಮುಗಿಸುವುದು ನಾನು ನೋಡುತ್ತ ಬೆಳೆದ ಪದ್ಧತಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಅಂಚಿನಿಂದಲೇ ಒಳಗೆ ಬರುತ್ತದೆ. ನಾನೂ ಹಾಗೇ ಹಿಡಿದೆ. ಒಂದು ಗೇಣು ಒಳಗೆ ಬಂದ ಮೇಲೆ ನಡುವೆ ಬಟ್ಟೆ ಉಬ್ಬಲು ಶುರುವಾಯಿತು. ಸೂರ್ಯನ ಹತ್ತಿರ ಬಂದಾಗ ಎರಡು ಬೆರಳು ಎತ್ತರದ ಗುಳ್ಳೆ. ಒತ್ತಿದರೆ ಪಕ್ಕಕ್ಕೆ ಹೋಗುತ್ತದೆ, ಇಳಿಯುವುದಿಲ್ಲ.

ನಮ್ಮ ಅತ್ತೆಯವರು ಮಂಚದ ಮೇಲೆ ಕೂತು ನೋಡುತ್ತಿದ್ದರು. ಮೊದಲ ದಿನದಿಂದ ಅವರದ್ದು ಒಂದೇ ಪ್ರಶ್ನೆ, “ಹೊದ್ಕೊಳ್ಳಾಕಲ್ಲ ಅಂದ್ರ ಕೌದಿ ಗ್ವಾಡಿಗ್ಯಾಕ?” ಅವತ್ತು ಎದ್ದು ಬಂದು ಕೌದಿ ತಿರುವಿ, ಹಿಂದೆ ಮುಂದೆ ಕೈಯಾಡಿಸಿ ಹೇಳಿದರು: “ನಾವು ತುಂಡು ಇಡಕೋತನ ಹೊಲೀತೀವಿ ತಂಗಿ. ಉಬ್ಬಿದ್ರ ಮುಂದಿನ ತುಂಡು ಜಗ್ಗಿ ಇಡತೀವಿ. ನೀ ಮೊದಲ ಎಲ್ಲಾ ಕೂಡ್ಸಿಬಿಟ್ಟಿ. ಈಗ ಹೆಚ್ಚಿನ ಬಟ್ಟಿ ಎಲ್ಲಿ ಹೋಗಬೇಕು?”

ಇದು ನನಗೆ ಹೊಳೆದೇ ಇರಲಿಲ್ಲ. ಕೌದಿಯಲ್ಲಿ ತುಂಡು ಜೋಡಿಸುವುದು ಬೇರೆ, ಪದರ ಹೊಲಿಯುವುದು ಬೇರೆ ಕೆಲಸಗಳಲ್ಲ. ಒಂದೇ ಹೊಲಿಗೆ ಎರಡನ್ನೂ ಮಾಡುತ್ತದೆ. ತುಂಡು ಇನ್ನೂ ಸಡಿಲ ಇರುವುದರಿಂದ ಹೆಚ್ಚಾದ ಬಟ್ಟೆಯನ್ನು ದಾರಿಯಲ್ಲೇ ನುಂಗಿಸಿಕೊಂಡು ಹೋಗಬಹುದು. ಅದಕ್ಕೇ ಅಂಚಿನಿಂದ ನಡುವಿಗೆ ಬರಲು ಸಾಧ್ಯ. ನನ್ನ ಮೇಲ್ಪದರ ಆಗಲೇ ಗಟ್ಟಿಯಾಗಿತ್ತು. ಇಂಥದಕ್ಕೆ ಉಲ್ಟಾ ಹೋಗಬೇಕು, ನಡುವಿನಿಂದ ಅಂಚಿಗೆ. ಹೆಚ್ಚಿನ ಬಟ್ಟೆ ಹೊರಗೆ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬೀಳುತ್ತದೆ, ಅಲ್ಲಿ ಕತ್ತರಿಸಬಹುದು.

ಅಂಚಿನ ಹೊಲಿಗೆ ಪೂರ್ತಿ ಬಿಚ್ಚಿದೆ. ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನ. ದಾರ ಕತ್ತರಿಸಿ ಎಳೆದರೆ ಖಣದ ಎಳೆ ಜೊತೆಗೆ ಬರುತ್ತದೆ. ನಾಲ್ಕು ಟಾಕಿಗೊಮ್ಮೆ (ಟಾಕಿ ಅಂದರೆ ಒಂದು ಹೊಲಿಗೆ) ಕತ್ತರಿಸಿ, ಹಿಂದಿನಿಂದ ಸೂಜಿಯಲ್ಲಿ ಎತ್ತಿ ಎತ್ತಿ ತೆಗೆದೆ.

ಆಮೇಲೆ ಸೂರ್ಯನಿಂದ ಶುರು. ಕಪ್ಪು ಸೂರ್ಯನ ಮೇಲೆ ಕಪ್ಪು ದಾರದಲ್ಲಿ, ಕಾಲು ಇಂಚಿಗೊಂದು ಸಾಲು, ಒಳಗಿನಿಂದ ಹೊರಗೆ ಕಮಾನು ಕಮಾನಾಗಿ. ಬಣ್ಣ ಬೇರೆ ಇಲ್ಲದಿದ್ದರೂ ಪಕ್ಕದಿಂದ ನೋಡಿದರೆ ಗೆರೆಗಳು ಎದ್ದು ಕಾಣುತ್ತವೆ. ಸೂರ್ಯನ ಹೊರಗೆ ಅದೇ ಕಮಾನುಗಳು ಅರ್ಧ ಇಂಚಿಗೊಂದಾಗಿ ಅಂಚಿನ ತನಕ ಹರಡುತ್ತವೆ. ಖಣ ಬಂದಲ್ಲಿ ಹಳದಿ ದಾರ, ಕಪ್ಪು ಬಂದಲ್ಲಿ ಕಪ್ಪು ದಾರ. ಇಂಚಿಗೆ ನಾಲ್ಕು ಟಾಕಿ. ಇದಕ್ಕಿಂತ ಸಣ್ಣ ಟಾಕಿ ಪೇಸ್ಟಿಂಗ್ ಇರುವ ಖಣದಲ್ಲಿ ನನಗೆ ಸಾಧ್ಯವಾಗಲಿಲ್ಲ, ಬೇಕು ಅಂತಲೂ ಅನ್ನಿಸಲಿಲ್ಲ. ಕೌದಿಯ ಟಾಕಿ ಕಾಣಬೇಕು.

ಬೂದು ದಾರ ಬರುವುದು ಮೇಲಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಫೋಟೋದಲ್ಲಿ ಅಲ್ಲಿ ನೆರಳಿನ ಅಂಚು ಮಸುಕು. ಖಣದ ಅಂಚಿಗೆ ಉದ್ದಕ್ಕೂ, ಖಣದ ಒಳಗಡೆಯೇ, ಒಂದಕ್ಕೊಂದು ಒತ್ತಾಗಿ ಮೂರು ಸಾಲು ಸಣ್ಣ ಓಡು ಹೊಲಿಗೆ ಹಾಕಿದೆ. ಮೊದಲ ಸಾಲು ಪೂರ್ತಿ, ಎರಡನೆಯದು ಬಿಟ್ಟು ಬಿಟ್ಟು, ಮೂರನೆಯದು ಇನ್ನೂ ವಿರಳ. ಹತ್ತು ಅಡಿ ದೂರದಿಂದ ನೋಡಿದರೆ ಅಂಚು ಕರಗಿದ ಹಾಗೆ ಕಾಣುತ್ತದೆ. ಇಡೀ ಕೌದಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಬಹಳ ಹೊತ್ತು ಹಿಡಿಯಿತು, ಆದರೆ ಇದಿಲ್ಲದೆ ಮೇಲಿನ ಅರ್ಧ ಕಾಗದ ಕತ್ತರಿಸಿ ಅಂಟಿಸಿದ ಹಾಗಿತ್ತು.

8. ಅಂಚು ಮತ್ತು ತೂಗುಹಾಕುವುದು

ಹೊಲಿಗೆ ಮುಗಿದ ಮೇಲೆ ಅಳೆದರೆ ಎತ್ತರದಲ್ಲಿ ಒಂದು ಇಂಚು, ಅಗಲದಲ್ಲಿ ಮುಕ್ಕಾಲು ಇಂಚು ಕುಗ್ಗಿತ್ತು. ಕೈಹೊಲಿಗೆ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಮೇಲಿನ ಕಪ್ಪು ಸೀರೆಯನ್ನೂ ಎಲ್ಲ ಕಡೆ ಒಂದೂವರೆ ಇಂಚು ಹೆಚ್ಚಿಗೆ ಬಿಟ್ಟಿದ್ದರಿಂದ ತೊಂದರೆ ಆಗಲಿಲ್ಲ. ಹಿಂದಿನ ಸೀರೆಯನ್ನು ಮುಂದಕ್ಕೆ ಮಡಚದೆ, ಬೇರೆ ಕಪ್ಪು ಪಟ್ಟಿ ಎರಡೂವರೆ ಇಂಚು ಅಗಲ ಕತ್ತರಿಸಿ, ಎರಡು ಮಡಿಕೆ ಮಾಡಿ ಮೂರು ಕಡೆ ಕಟ್ಟಿದೆ. ಕೆಳಗೆ ತೋಪು ತೆನೆ.

ಹಿಂಬದಿ ಮೇಲ್ಗಡೆ 4 ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದು, ಅದರೊಳಗೆ 38 ಇಂಚಿನ ತೇಗದ ಪಟ್ಟಿ ತೂರಿಸಿದೆ. ಪಟ್ಟಿಯ ಎರಡೂ ತುದಿಗೆ ತೂತು, ಗೋಡೆಗೆ ಸ್ಕ್ರೂ. ಕೌದಿಗೇ ಮೊಳೆ ಹೊಡೆಯಬೇಡಿ. ಭಾರ ಎರಡು ಬಿಂದುವಿನಲ್ಲಿ ನಿಂತು ಬಟ್ಟೆ ಅಲ್ಲೇ ಹರಿಯುತ್ತದೆ.

ಖರ್ಚು: ಖಣ 600, ದಾರ 280, ಖಾಕಿ ಕಾಗದ 30, ಪ್ರಿಂಟ್ 10, ಪೇಸ್ಟಿಂಗ್ 60, ಕಟ್ಟಿಗೆ ಪಟ್ಟಿ 80, ಸ್ಕ್ರೂ 20. ಒಟ್ಟು 1,080 ರೂಪಾಯಿ. ಸೀರೆ, ಧೋತರ, ಸೆರಗು ಮನೆಯವು. ಕೈಬಿಟ್ಟ ರಾಣಿ ಬಣ್ಣದ ಖಣದ್ದೂ 600ರಲ್ಲೇ ಸೇರಿದೆ. ಅದನ್ನು ಕುಪ್ಪಸ ಹೊಲಿಸಲು ಕೊಟ್ಟಿದ್ದೇನೆ.

ಕೌದಿ ಈಗ ಪಡಸಾಲೆಯ ಬಡಗಣ ಗೋಡೆಯ ಮೇಲಿದೆ. ಮೊದಲು ಬಾಗಿಲ ಎದುರು ಹಾಕಬೇಕು ಅಂತಿತ್ತು. ಆ ಗೋಡೆಗೆ ಸಂಜೆ ಬಿಸಿಲು ನೇರ ಬೀಳುತ್ತದೆ, ಒಂದೆರಡು ಬೇಸಿಗೆಯಲ್ಲಿ ಖಣದ ಬಣ್ಣ ಹಾರಿಹೋಗುತ್ತದೆ. ಅತ್ತೆಯವರು ಒಂದು ಕೆಲಸ ಬಾಕಿ ಇದೆ ಅಂತ ತೋರಿಸಿದ್ದಾರೆ. ಬಲಗಡೆಯ ಬೆಸೆದ ಪಟ್ಟಿಯ ಕಪ್ಪು ಭಾಗದಲ್ಲಿ ಕಮಾನಿನ ಸಾಲುಗಳು ಹಾಗೇ ಹಾಯ್ದು ಹೋಗಿವೆ, ಅದು ಬೇರೆ ತುಂಡು ಅಂತ ಗೊತ್ತಾಗುವುದಿಲ್ಲ. ಅವರು ಹೇಳುವುದು ಸರಿ. ಅಲ್ಲಿಯ ಹೊಲಿಗೆ ಬಿಚ್ಚಿ, ಮೇಲಿನಿಂದ ಕೆಳಗೆ ನೇರ ಸಾಲು ಹಾಕಬೇಕು. ಕಪ್ಪು ದಾರ ಸುಮಾರು ಹತ್ತು ಮೀಟರ್ ಉಳಿದಿದೆ, ಅಷ್ಟು ಸಾಕಾಗುತ್ತದೆ.